ಚಿಗರಿಗೂ ಹೊಟ್ಟಿ ಐತಲ್ರಿ

ಬೈಕ್ ಹತ್ತಿ ಉತ್ತರ ಕರ್ನಾಟಕ ಸುತ್ತಿ ಹಾವೇರಿ ಮುಟ್ಟುವಷ್ಟರಲ್ಲಿ ನನ್ನ ಬೆನ್ನು ಮುಷ್ಕರ ಹೂಡಿತ್ತು. ಒಂದು ದಿನ ಬೈಕಿಗೆ ರಜೆ. ಆದರೆ ಲಾಡ್ಜಿನಲ್ಲಿ ಸುಮ್ಮನೆ ಬಿದ್ದುಕೊಳ್ಳೋಕಾಗುತ್ತಾ? ನಸುಕಿನಲ್ಲೇ ಗೆಳೆಯನ ಜೊತೆ ಬಾಡಿಗೆ ಕಾರಿನಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೊರಟೆ.

1974ರಲ್ಲಿ ಘೋಷಣೆಯಾದ ಈ ಅಭಯಾರಣ್ಯದ ವಿಸ್ತಾರ 119 ಚದರ ಕಿ.ಮೀ. ಒಳಗೆ ನಮಗೆ ಕಂಡದ್ದು ಸಾಲು ಸಾಲು ನೀಲಗಿರಿ ಮರ. ಬಯಲಿನಲ್ಲಿ ಓಡಿಯೇ ಜೀವ ಉಳಿಸಿಕೊಳ್ಳುವ ಪ್ರಾಣಿಗೆ ಮರಗಳ ಸಂದಿಯಲ್ಲೇನು ಕೆಲಸ? ಕೊನೆಗೆ ಅವು ಸಿಕ್ಕಿದ್ದು ಅಂಚಿನ ಗೋವಿನಜೋಳದ ಹೊಲದಲ್ಲಿ. ತಿರುಚು ಕೊಂಬಿನ ಕಪ್ಪು ಗಂಡು, ಹಿಂದೆ ಕಂದು ಬಣ್ಣದ ಹೆಣ್ಣುಗಳು. ನಾನು ಕ್ಯಾಮೆರಾ ಎತ್ತಿದೆ, ಹೊಲದ ಅಜ್ಜ ಕೋಲು ಎತ್ತಿದರು.

"ನಿಮಗ ಚೆಂದ ಕಾಣ್ತಾವ್ರಿ ಚಿಗರಿ. ಎಳೀ ಬೆಳಿ ಇವು ತಿಂದ್ರ ನಾವೇನ್ ತಿನ್ನೂದ್ರಿ?" ಎಂದರು. ಸ್ವಲ್ಪ ಹೊತ್ತು ನೋಡುತ್ತಾ ನಿಂತು, "ಅವಕ್ಕೂ ಹೊಟ್ಟಿ ಐತಲ್ರಿ" ಎನ್ನುತ್ತಾ ಕೋಲು ಇಳಿಸಿದರು.

ವಾಪಸ್ ಬರುವಾಗ ಬ್ಯಾಡಗಿಗೆ ಹೋಗಿ ಅಮ್ಮನಿಗೆಂದು ಒಂದು ಕಿಲೋ ಮೆಣಸಿನಕಾಯಿ ಕೊಂಡೆ. ಬಣ್ಣ ಕಡುಗೆಂಪು, ಖಾರ ಕಡಿಮೆ. ಅಜ್ಜನ ಸಿಟ್ಟೂ ಹಾಗೇ ಇತ್ತು. ಫೋಟೊ ನನಗೆ ಸಿಕ್ಕಿತು, ನಷ್ಟ ಮಾತ್ರ ಅವರ ಪಾಲಿಗೆ.