ನೆಲಗಪ್ಪೆಯ ಬೆನ್ನು

ನಿವೃತ್ತಿಯ ನಂತರ ಚಿತ್ರ ಬರೆಯುವ ಹವ್ಯಾಸ ಹತ್ತಿಕೊಂಡಿದೆ. ಹೂವು, ಬೆಟ್ಟಗಳನ್ನು ಬಿಟ್ಟು ಹಲ್ಲಿ, ಓತಿಕೇತ, ಕಪ್ಪೆಗಳನ್ನೇ ಬರೆಯುತ್ತೇನೆಂದು ಮನೆಯವರಿಗೆ ಬೇಸರ. ಜೀವಶಾಸ್ತ್ರದ ಮೇಷ್ಟ್ರಿಗೆ ಬೇರೇನು ಹೊಳೆದೀತು?

ಕಳೆದ ತಿಂಗಳು ನೆಲಗಪ್ಪೆಯೊಂದನ್ನು ಅಕ್ರಿಲಿಕ್ ಬಣ್ಣದಲ್ಲಿ ಬರೆದೆ. ಅದರ ಬೆನ್ನಿನ ಗಂಟುಗಳು ಬರಿಯ ಬಣ್ಣದಿಂದ ಮೂಡುವುದಿಲ್ಲ. ಮೊದಲು ಮಾಡೆಲಿಂಗ್ ಪೇಸ್ಟನ್ನು ಸಣ್ಣ ಸಣ್ಣ ಉಬ್ಬುಗಳಾಗಿ ಇಡಬೇಕು. ಒಮ್ಮೆಗೇ ದಪ್ಪವಾಗಿ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ. ಕಣ್ಣುಗಳ ಹಿಂದಿನ ವಿಷಗ್ರಂಥಿಗಳಿಗೆ ಎರಡು ಪದರ ಹೆಚ್ಚು ಬೇಕಾಯಿತು. ಒಣಗಿದ ಮೇಲೆ ಕಂದು ಬಣ್ಣವನ್ನು ತೆಳ್ಳಗೆ ಹರಿಯಬಿಟ್ಟು ಬಟ್ಟೆಯಿಂದ ಒರೆಸಿದರೆ ತಗ್ಗುಗಳಲ್ಲಿ ಮಾತ್ರ ಉಳಿಯುತ್ತದೆ. ನೆಲಗಪ್ಪೆಯ ಗಂಟುಗಳ ತುದಿ ಕಪ್ಪು. ಕೊನೆಗೆ ಒಣ ಕುಂಚದಿಂದ ಕಪ್ಪನ್ನು ಹಗುರವಾಗಿ ಸವರಿದೆ.

ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ನೆನಪಾಯಿತು. ಆತ ಇಂಥವೇ ಗಂಟುಗಳನ್ನು ಒಂದೊಂದಾಗಿ ಪೆನ್ಸಿಲಿನಲ್ಲಿ ಬರೆದು ತಂದಿದ್ದ. ವಿಜ್ಞಾನದ ಚಿತ್ರಕ್ಕೆ ನೆರಳು ಬೇಡ, ಗೆರೆ ಸಾಕು ಎಂಬುದು ನನ್ನ ನಿಯಮ. ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿ, ತರಗತಿಯ ಮುಂದೆ ಎತ್ತಿ ತೋರಿಸಿ ಎಲ್ಲರನ್ನೂ ನಗಿಸಿದೆ. ಮುಂದೆ ಅವನ ಪುಸ್ತಕದಲ್ಲಿ ಗೆರೆಗಳು ಮಾತ್ರ ಉಳಿದವು. ಹುಡುಗ ತಿದ್ದಿಕೊಂಡನೆಂದು ನಾನು ಸಂತೋಷಪಟ್ಟೆ.

ನಿಯಮವೇನೋ ತಪ್ಪಲ್ಲ, ಭಾಗಗಳನ್ನು ಗುರುತಿಸಲು ಶುದ್ಧವಾದ ಗೆರೆ ಬೇಕು. ಆದರೆ ಅವನು ಜೀವಂತ ಕಪ್ಪೆಯ ಮುಂದೆ ಕುಳಿತು ನೋಡಿ ಬರೆದಿದ್ದ. ನಾನು ಪಠ್ಯಪುಸ್ತಕದ ಕಪ್ಪೆಯನ್ನೇ ಕೇಳಿದೆ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಒಮ್ಮೆ ಮನೆಗೆ ಬಾ. ಈ ಚಿತ್ರವನ್ನು ನಿನಗಾಗಿ ತೆಗೆದಿರಿಸಿದ್ದೇನೆ.