ಕಿರೀಟ ಮೇಳದ್ದು

ಅಕ್ಕನ ಮಗಳು ನಮ್ಮ ಮನೆಗೆ ಬರುವಾಗ ಕೈಯಲ್ಲಿ ಒಂದು ಕಟ್ಟು ಬಸಳೆಯೋ, ನಾಲ್ಕು ಮುಳ್ಳುಸೌತೆಯೋ ಇದ್ದೇ ಇರುತ್ತದೆ. ಅಕ್ಕ ಯಾರನ್ನೂ ಬರಿಗೈಯಲ್ಲಿ ಕಳಿಸುವವಳಲ್ಲ. 2022ರ ಮಳೆಗಾಲದ ಒಂದು ಆದಿತ್ಯವಾರ ಮಾತ್ರ ಹುಡುಗಿ ಪುರುಷರಕಟ್ಟೆಯಲ್ಲಿ ಬಸ್ಸಿಳಿದು, ಕೊಡೆ ಇದ್ದೂ ಅರ್ಧ ಒದ್ದೆಯಾಗಿ ಬಂದವಳು, ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಒಂದು ಕಾಗದದ ಕಟ್ಟು ತೆಗೆದು ನನ್ನ ಮುಂದಿಟ್ಟಳು. ಇಪ್ಪತ್ತಾರು ಪುಟ, ಎಲ್ಲ ಇಂಗ್ಲಿಷಿನಲ್ಲಿ.

"ಚಿಕ್ಕಮ್ಮ, ಇದನ್ನೊಮ್ಮೆ ಓದಿ ನೋಡಿ. ಅಮ್ಮನಿಗೆ ಈಗ ಹೇಳ್ಬೇಡಿ."

ಅಮ್ಮನಿಗೆ ಹೇಳಬೇಡಿ ಎಂದು ಇಪ್ಪತ್ತೆರಡರ ಹುಡುಗಿ ಹೇಳಿದರೆ ನಮ್ಮ ಪ್ರಾಯದವರ ಮನಸ್ಸು ಎಲ್ಲೆಲ್ಲಿಗೆ ಓಡುತ್ತದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಕನ್ನಡಕ ಹಾಕಿ ನೋಡಿದರೆ ಅದು ಟೋಕಿಯೋದ ಒಂದು ಕಂಪೆನಿಯ ಕರಾರುಪತ್ರ. ಪುತ್ತೂರಿನಲ್ಲಿ ಬಿ.ಸಿ.ಎ. ಮುಗಿಸಿ ಮನೆಯಲ್ಲಿದ್ದ ಹುಡುಗಿ ಯಾವುದೋ ಪರೀಕ್ಷೆಗೆ ತನ್ನ ದನಿಯನ್ನು ರೆಕಾರ್ಡ್ ಮಾಡಿ ಕಳಿಸಿದ್ದಳಂತೆ. ಆಯ್ಕೆಯಾಗಿದ್ದಳು.

"ಎಂತ ಕೆಲಸ ಮಾರಾಯ್ತಿ?" ಎಂದು ಕೇಳಿದೆ.

"ಮಾತಾಡುವುದು ಚಿಕ್ಕಮ್ಮ. ಆಟ ಆಡ್ತಾ ಮಾತಾಡುವುದು, ಒಮ್ಮೊಮ್ಮೆ ಹಾಡುವುದು. ಮುಖ ತೋರಿಸ್ಲಿಕ್ಕಿಲ್ಲ."

ಆ ಕೊನೆಯ ಮಾತು ಕೇಳಿ ನನಗೆ ಅರ್ಧ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಊರಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಮುಖ ತೋರಿಸಿ ನಾಲ್ಕು ಮಾತಾಡಿದರೆ ಕೆಳಗೆ ಯಾರ್‍ಯಾರು ಏನೇನು ಬರೆಯುತ್ತಾರೆಂದು ನಾನೂ ನೋಡಿದ್ದೇನೆ.

ಕೆಲಸದ ಕ್ರಮ ಅವಳೇ ತೋರಿಸಿಕೊಟ್ಟಳು. ಒಂದು ಹುಡುಗಿಯ ಚಿತ್ರವನ್ನು ಜಪಾನಿನ ಕಲಾವಿದರು ಬರೆಯುತ್ತಾರೆ. ಕೂದಲು ಬೇರೆ, ಹುಬ್ಬು ಬೇರೆ, ತುಟಿ ಬೇರೆ ಎಂದು ಪದರ ಪದರವಾಗಿ ಬಿಡಿಸುತ್ತಾರೆ. ಇವಳು ಮೊಬೈಲಿನ ಕ್ಯಾಮೆರಾದ ಎದುರು ಕುಳಿತು ನಕ್ಕರೆ ಚಿತ್ರವೂ ನಗುತ್ತದೆ, ಕಣ್ಣು ಮುಚ್ಚಿದರೆ ಮುಚ್ಚುತ್ತದೆ, ತಲೆ ಓರೆ ಮಾಡಿದರೆ ಓರೆಯಾಗುತ್ತದೆ. ನೋಡುವವರಿಗೆ ಕಾಣುವುದು ಚಿತ್ರ ಮಾತ್ರ. ದನಿ ಇವಳದು. ಇಂಥವರಿಗೆ ವಿಟ್ಯೂಬರ್ ಎಂದು ಹೆಸರು. 2016ರ ಕೊನೆಯಲ್ಲಿ ಕಿಝುನಾ ಐ ಎಂಬ ಚಿತ್ರಕನ್ಯೆ ಜಪಾನಿನಲ್ಲಿ ಮಾತಾಡತೊಡಗಿದ ಮೇಲೆ ಇದೊಂದು ಉದ್ಯಮವೇ ಆಗಿಬಿಟ್ಟಿತು. ವಾಸೆಡಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಿಕು ತಾಝುಮಿ ಎಂಬ ಹುಡುಗ 2017ರಲ್ಲಿ ಸ್ಥಾಪಿಸಿದ ಕಂಪೆನಿ, ಈಗ ಎನಿಕಲರ್ ಎಂದು ಅದರ ಹೆಸರು, 2022ರ ಜೂನ್‌ನಲ್ಲಿ ಟೋಕಿಯೋ ಷೇರುಪೇಟೆಗೆ ಹೋಯಿತು. ಇನ್ನೊಂದು ದೊಡ್ಡ ಕಂಪೆನಿ ಕವರ್ 2023ರ ಮಾರ್ಚ್‌ನಲ್ಲಿ. ನಮ್ಮ ಹುಡುಗಿಯದು ಇವೆರಡೂ ಅಲ್ಲ, ತೀರ ಸಣ್ಣದೊಂದು. ಅದರ ಹೆಸರು ನಾನು ಬರೆಯುವ ಹಾಗಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಆ ರಾತ್ರಿ ಕರೆಂಟು ಹೋಗಿತ್ತು. ಇನ್ವರ್ಟರಿನ ಒಂದೇ ದೀಪದಲ್ಲಿ ಕುಳಿತು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವಳ ಹಾಗೆ ಕೆಂಪು ಪೆನ್ನು ಹಿಡಿದು ಓದಿದೆ. ಕರಾರುಪತ್ರದ ಇಂಗ್ಲಿಷು ನಾನು ಮಕ್ಕಳಿಗೆ ಕಲಿಸುವ ಇಂಗ್ಲಿಷಲ್ಲ. ಒಂದೊಂದು ವಾಕ್ಯ ಅರ್ಧ ಪುಟ. ಆದರೂ ಮೂರು ಸಂಗತಿ ಸ್ಪಷ್ಟವಾಗಿತ್ತು. ಚಿತ್ರ, ಅದರ ಹೆಸರು, ಅದು ಮಾತಾಡಿದ್ದೆಲ್ಲ ಕಂಪೆನಿಯ ಸೊತ್ತು. ನೋಡುಗರು ಮೆಚ್ಚಿ ಕಳಿಸುವ ಹಣದಲ್ಲಿ ಯೂಟ್ಯೂಬ್ ತನ್ನ ಪಾಲು ನೂರಕ್ಕೆ 30 ಹಿಡಿದ ಮೇಲೆ ಉಳಿದದ್ದರಲ್ಲಿ ಕಂಪೆನಿಗೂ ಹುಡುಗಿಗೂ ಸಮಪಾಲು. ಮೂರನೆಯದು, ಆ ಚಿತ್ರದ ಹಿಂದೆ ಇರುವವಳು ತಾನೆಂದು ಯಾರಿಗೂ, ಎಂದಿಗೂ ಹೇಳಬಾರದು. ಕೆಲಸ ಬಿಟ್ಟ ಮೇಲೂ.

ಎರಡನೆಯದಕ್ಕೆ ನಾನು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನಾವು ಸಂಬಳಕ್ಕೆ ದುಡಿದವರು, ಕಣ್ಣು ಮೊದಲು ಹಣದ ಮೇಲೆಯೇ ಬೀಳುವುದು. ಮೂರನೆಯದರ ಮೇಲೆ ಪೆನ್ನು ಹಾಗೇ ಜಾರಿಹೋಯಿತು. ಮುಖ ತೋರಿಸಲಿಕ್ಕಿಲ್ಲ, ಹೆಸರು ಹೇಳಲಿಕ್ಕಿಲ್ಲ, ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಅದು ನನ್ನ ತಪ್ಪು.

ಯಕ್ಷಗಾನದ ಊರಿನಲ್ಲಿ ಹುಟ್ಟಿದವಳಾಗಿ ನಾನು ಅದನ್ನು ನೋಡಬೇಕಿತ್ತು. ದೀಪಾವಳಿ ಕಳೆದು ಮೇಳ ಹೊರಟರೆ ಪತ್ತನಾಜೆಯವರೆಗೆ ತಿರುಗಾಟ. ಕಲಾವಿದರು ಯಜಮಾನರ ಹತ್ತಿರ ವರ್ಷಕ್ಕಿಷ್ಟು ಎಂದು ಮಾತಾಡಿಕೊಳ್ಳುತ್ತಿದ್ದರು, ಮುಂಗಡ ತೆಗೆದುಕೊಂಡು ಅದೇ ಮೇಳಕ್ಕೆ ಕಟ್ಟುಬೀಳುವುದೂ ಇತ್ತು. ಕಿರೀಟ, ಭುಜಕೀರ್ತಿ, ಗೆಜ್ಜೆ, ಎಲ್ಲ ಮೇಳದ ಪೆಟ್ಟಿಗೆಯದು. ಬೆಳಗ್ಗೆ ಚೌಕಿಯಲ್ಲಿ ಬಣ್ಣ ತೆಗೆದು ಅಲ್ಲೇ ಇಟ್ಟು ಹೋಗಬೇಕು. ಆದರೆ ನಮ್ಮ ಪುತ್ತೂರು ಶ್ರೀಧರ ಭಂಡಾರಿಯವರ ಅಭಿಮನ್ಯುವನ್ನು ಯಾವ ಪೆಟ್ಟಿಗೆಯಲ್ಲಿ ಇಡಲಿಕ್ಕಾಗುತ್ತದೆ? ಚಿಕ್ಕಂದಿನಲ್ಲಿ ನಾವು ಗೋಣಿ ಹಾಸಿಕೊಂಡು ನಿದ್ದೆಗಟ್ಟಿ ಕಾದದ್ದು ಇಂಥವರ ಅಭಿಮನ್ಯು, ಇಂಥವರ ಮಹಿಷಾಸುರ ಎಂದೇ. ಕಲಾವಿದ ಮೇಳ ಬಿಟ್ಟು ಮೇಳಕ್ಕೆ ಹೋದರೆ ಜನ ಅವನ ಹಿಂದೆಯೇ ಹೋಗುತ್ತಿದ್ದರು. ಕಷ್ಟ, ಸಾಲ, ಅವಮಾನ ಆ ಬದುಕಿನಲ್ಲಿ ಬೇಕಾದಷ್ಟಿತ್ತು, ನಾನು ಹೊಗಳುವುದಿಲ್ಲ. ಹೆಸರು ಮಾತ್ರ ಅವರ ಜೊತೆ ಮನೆಗೆ ಬರುತ್ತಿತ್ತು.

ಹುಡುಗಿ ಸಹಿ ಹಾಕಿದಳು. 2023ರ ಆರಂಭದಲ್ಲಿ ಅವಳ ವೇಷ ರಂಗಕ್ಕೆ ಬಂತು. ಬಿಳಿ ಕೂದಲು, ನೇರಳೆ ಕಣ್ಣು, ಅಷ್ಟು ಹೇಳಿದರೆ ಸಾಕು. ನೋಡುವವರಲ್ಲಿ ಹೆಚ್ಚಿನವರು ಅಮೆರಿಕದವರು, ಅವರ ರಾತ್ರಿ ನಮಗೆ ಬೆಳಗು. ಆರು ಗಂಟೆಗೆ ಅಕ್ಕ ಹಾಲು ಕರೆಯಲು ಹೊರಡುವಾಗ ಇವಳು ಕೋಣೆಯ ಬಾಗಿಲು ಹಾಕಿ, ಸಂದಿಗೆ ಕಂಬಳಿ ತುರುಕಿ ಕೂರುತ್ತಿದ್ದಳು. ಒಂದು ದಿನ ಹೊರಗೆ ಕೋಳಿ ಕೂಗಿತು. ನೋಡುಗರಿಗೆ ಬಹಳ ಖುಷಿಯಾಯಿತಂತೆ, ಆ ಕೋಳಿಗೊಂದು ಹೆಸರನ್ನೂ ಇಟ್ಟರಂತೆ. ಮರುದಿನ ಟೋಕಿಯೋದಿಂದ ಪತ್ರ: ಊರಿನ ಸುಳಿವು ಕೊಡುವ ಶಬ್ದ ಬರಬಾರದು. ಅಕ್ಕ ಹುಂಜವನ್ನು ತೋಟದಾಚೆಯ ಮನೆಗೆ ಕೊಟ್ಟುಬಿಟ್ಟಳು. ಅಷ್ಟು ಹೊತ್ತಿಗೆ ಅವಳಿಗೂ ವಿಷಯ ತಿಳಿದಿತ್ತು. ತಿಂಗಳಿಗೆ ಹದಿನೈದು ಸಾವಿರ, ಕೆಲವು ತಿಂಗಳು ಇಪ್ಪತ್ತು ಬರುತ್ತಿದ್ದುದರಿಂದ ಬೈಗುಳ ಕಡಿಮೆಯಾಗಿತ್ತು. "ಎಂತ ಮಾಡ್ತಾಳೆ ಮಗಳು?" ಎಂದು ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ "ಕಂಪ್ಯೂಟರಿನಲ್ಲಿ ಎಂತದೋ" ಎನ್ನುತ್ತಿದ್ದಳು.

ಒಂದು ಸಲ ನಾನೂ ಅಲ್ಲಿದ್ದೆ. ಬಾಗಿಲ ಈಚೆ ಕುಳಿತು ಮೊಬೈಲಿನಲ್ಲಿ ನೋಡಿದೆ. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿ ಮಾಡುವ ನರ್ಸ್ ಒಬ್ಬಳು, ಮನೆಗೆ ಬಂದು ನಿದ್ದೆ ಬರುವವರೆಗೆ ನಿನ್ನ ಮಾತು ಕೇಳುತ್ತೇನೆ ಎಂದು ಬರೆದಿದ್ದಳು. ನಮ್ಮ ಹುಡುಗಿ ಅದಕ್ಕೆ ಕೊಟ್ಟ ಉತ್ತರದಲ್ಲಿ ಒಂದು ಸಮಾಧಾನದ ದನಿ ಇತ್ತು. ಮನೆಯಲ್ಲಿ ಮಾತೇ ಆಡದ ಮಕ್ಕಳ ಒಳಗೆ ಇಷ್ಟು ಇರುತ್ತದೆಯಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

2024ರ ಮಳೆಗಾಲಕ್ಕೆ ಕಂಪೆನಿ ತನ್ನ ಹೊರದೇಶದ ವಿಭಾಗವನ್ನು ಮುಚ್ಚಿತು. ಇದು ಹೊಸತೇನೂ ಅಲ್ಲ. ನಾನು ಹೇಳಿದ ಎನಿಕಲರ್ ಕಂಪೆನಿಯೇ 2020ರ ಜನವರಿಯಲ್ಲಿ ನಿಜಿಸಾಂಜಿ ಇಂಡಿಯಾ ಎಂದು ಆರಂಭಿಸಿ ಆದ್ಯಾ, ನೂರ್, ವಿಹಾನ್ ಎಂಬ ಮೂರು ವೇಷಗಳನ್ನು ಕುಣಿಸಿ, 2021ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿತ್ತು. ಅಷ್ಟು ಬಂಡವಾಳ ಇದ್ದವರೇ ಒಂದೂವರೆ ವರ್ಷ ದಾಟಲಿಲ್ಲ. ಕರಾರುಪತ್ರಕ್ಕೆ ಕೆಂಪು ಪೆನ್ನು ಹಿಡಿಯುವ ಮೊದಲು ಇದನ್ನು ತಿಳಿದುಕೊಂಡಿದ್ದರೆ ಮುಚ್ಚಿದರೆ ಏನು ಎಂಬ ಪ್ರಶ್ನೆಯನ್ನಾದರೂ ಕೇಳಿಸುತ್ತಿದ್ದೆ.

ಅಲ್ಲಿ ಕೆಲಸ ಬಿಡುವುದಕ್ಕೆ 'ಪದವಿ ಪಡೆಯುವುದು' ಎನ್ನುತ್ತಾರೆ. ಟೀಚರಾದ ನನಗೆ ಮೊದಲು ಕೇಳಿದಾಗ ನಗು ಬಂದಿತ್ತು. 40 ಲಕ್ಷಕ್ಕೂ ಮಿಕ್ಕಿ ಜನ ಹಿಂಬಾಲಿಸುತ್ತಿದ್ದ ಗಾರ್ ಗುರಾ ಎಂಬ ವೇಷವೂ 2025ರ ಮೇ 1ರಂದು ಹಾಗೆಯೇ ಪದವಿ ಪಡೆದು ಹೋಯಿತು. ನಮ್ಮವಳ ಕೊನೆಯ ದಿನ ಎಂಟುನೂರು ಜನ ಇದ್ದರು. ಆ ನರ್ಸೂ ಇದ್ದಳಂತೆ. ಮರುದಿನ ಚಾನೆಲ್ ತೆರೆಯಲು ಹೋದರೆ ಗುಪ್ತಪದ ಬದಲಾಗಿತ್ತು. ಒಂದು ವಾರದೊಳಗೆ ಅವಳು ಆಡಿದ ಮಾತೆಲ್ಲ ತೆಗೆದುಹಾಕಿದ್ದರು.

ಚಿತ್ರ ಇನ್ನೂ ಕಂಪೆನಿಯ ಹತ್ತಿರವೇ ಇದೆ. ಬೇಕಾದರೆ ಬೇರೆ ದನಿ ಕೂರಿಸಬಹುದು. ಕಿಝುನಾ ಐಗೆ 2019ರಲ್ಲಿ ಹಾಗೆ ಬೇರೆ ಬೇರೆ ದನಿ ಕೂರಿಸಿ ನೋಡಿದ್ದರು. ನೋಡುಗರು ಒಪ್ಪದೆ ಗಲಾಟೆಯಾಯಿತು. 2020ರಲ್ಲಿ ಮೂಲ ದನಿ ಕಸುಗಾ ನೊಝೋಮಿ ಎಂಬವರದ್ದೆಂದು ಬಹಿರಂಗವಾಗಿಯೇ ಹೇಳಿದರು. ಅಂಥ ಯೋಗ ಎಲ್ಲರಿಗೂ ಬರುವುದಿಲ್ಲ.

ಮೇಳದ ಯಜಮಾನರ ಬಗ್ಗೆ ಅಕ್ಕನ ಹತ್ತಿರ ಒಮ್ಮೆ ಹೇಳಿದೆ. ಅವಳು ಅಡಿಕೆ ಸುಲಿಯುತ್ತಿದ್ದಳು. "ಪುಟ್ಟನ ಕೋಣೆಯ ಕಂಬಳಿ ಒಗೆದು ಹಾಕಿದೆ" ಎಂದಳು. ಮತ್ತೆ ಮಾತಾಡಲಿಲ್ಲ. ಮಗಳನ್ನು ಅವಳು ಪುಟ್ಟ ಎಂದೇ ಕರೆಯುವುದು.

ಕಳೆದ ವರ್ಷ ಮಂಗಳೂರಿನಲ್ಲೊಂದು ಕೆಲಸಕ್ಕೆ ಸಂದರ್ಶನ ಬಂತು. ಅರ್ಜಿ ತುಂಬಿಸಲು ಹುಡುಗಿ ಮತ್ತೆ ನನ್ನ ಹತ್ತಿರ ಬಂದಳು, ಈ ಸಲ ಬಸಳೆ ಕಟ್ಟಿನ ಜೊತೆ. ಅನುಭವ ಎಂಬ ಕಾಲಂ ಇತ್ತು. ನನ್ನ ಕೈಯಿಂದ ಎಷ್ಟು ಮಕ್ಕಳಿಗೆ ಟಿ.ಸಿ. ಬರೆದುಕೊಟ್ಟಿದ್ದೇನೆ, ಅರ್ಧವರ್ಷ ಓದಿ ಬಿಟ್ಟ ಮಗುವಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಇಲ್ಲಿತ್ತು ಎಂದು ಒಂದು ಕಾಗದ ಸಿಗುತ್ತದೆ. ಇವಳ ಕೈಯಲ್ಲಿ ಏನೂ ಇರಲಿಲ್ಲ.

"ಧ್ವನಿ ಕಲಾವಿದೆ ಅಂತ ಬರಿ" ಎಂದೆ.

"ಎಲ್ಲಿ ಅಂತ ಕೇಳ್ತಾರೆ ಚಿಕ್ಕಮ್ಮ."

ಕಂಪೆನಿಗೆ ಪತ್ರ ಬರೆದು ಒಂದು ಪ್ರಮಾಣಪತ್ರ ಕೇಳೋಣ ಎಂದು ನಾನೇ ಕುಳಿತು ಇಂಗ್ಲಿಷಿನಲ್ಲಿ ಬರೆದೆ. ನಾಲ್ಕು ದಿನಕ್ಕೆ ಮರ್ಯಾದೆಯ ಉತ್ತರ ಬಂತು: ಕರಾರಿನ ಇಂಥ ಕಲಮಿನ ಪ್ರಕಾರ ಆಗುವುದಿಲ್ಲ. ತೆಗೆದು ನೋಡಿದೆ. ನನ್ನ ಕೆಂಪು ಪೆನ್ನು ಜಾರಿದ ಕಲಮೇ ಅದು.

ಸಂದರ್ಶನಕ್ಕೆ ನಾನೂ ಜೊತೆಗೆ ಹೋಗಿದ್ದೆ, ಹೊರಗೆ ಬೆಂಚಿನಲ್ಲಿ ಕುಳಿತಿದ್ದೆ. ಹದಿನೈದು ನಿಮಿಷಕ್ಕೆ ಬಂದಳು.

"ಎಂತ ಕೇಳಿದ್ರು?"

"ಒಂದೂವರೆ ವರ್ಷ ಎಂತ ಮಾಡ್ತಿದ್ದಿ ಅಂತ ಕೇಳಿದ್ರು."

"ನೀನು ಎಂತ ಹೇಳಿದೆ?"

"ಮನೆಯಲ್ಲಿದ್ದೆ ಅಂದೆ" ಎಂದಳು, ಚಪ್ಪಲಿ ಹಾಕಿಕೊಳ್ಳುತ್ತಾ.