ಹೇಂಟೆ ಬೆನ್ನು ನೋಡು

ಆ ವರ್ಷ ಮಾರಮ್ಮನ ಹರಕೆಗೆ ನಮ್ಮನೆಯ ಹಳೇ ಹುಂಜ ಹೋಯಿತು. ಹಿತ್ತಲಲ್ಲಿ ಉಳಿದದ್ದು ಆರು ನಾಟಿ ಹೇಂಟೆ, ನಾಲ್ಕು ಗಿರಿರಾಜ ಹೇಂಟೆ. ಹುಂಜ ಇಲ್ಲವೆಂದು ಮೊಟ್ಟೆಯೇನೂ ನಿಲ್ಲಲಿಲ್ಲ. ಆದರೆ ಕಾವಿಗಿಟ್ಟರೆ ಮರಿಯಾಗಬೇಕಲ್ಲ. ಹುಂಜ ಹೋದ ಮೇಲೂ ವಾರದ ತನಕ ಇಟ್ಟ ಮೊಟ್ಟೆ ಮರಿಯಾಗುತ್ತದೆಂದು ಅಜ್ಜಿಗೆ ಗೊತ್ತಿತ್ತು. ಅಷ್ಟನ್ನು ಎತ್ತಿಟ್ಟು ಒಂದು ಕೋಳಿ ಕೂರಿಸಿದಳು. ಮುಂದಕ್ಕೇನು ಅನ್ನುವುದೇ ಮನೆಯ ಮಾತಾಯಿತು.

ನಮ್ಮದು ತಿಪಟೂರು ಸೀಮೆ. ಗಿರಿರಾಜ ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಬೆಳೆಸಿ ಹೊರತಂದ ತಳಿ. ನಾಟಿಯ ಹಾಗೇ ಹಿತ್ತಲಲ್ಲಿ ಮೇಯುತ್ತದೆ, ತೂಕ ಮಾತ್ರ ದುಪ್ಪಟ್ಟು. ಚಿಕ್ಕಪ್ಪನಿಗೆ ಆ ತೂಕದ ಮೇಲೇ ಕಣ್ಣು. "ಗಿರಿರಾಜ ಹುಂಜಾನೇ ತರ್ತೀನವ್ವ, ಮರಿಯೆಲ್ಲ ಹಂಗೇ ಬರ್ತವೆ" ಅಂದ. ಅಜ್ಜಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಬಂತು ಹುಂಜ, ಮೂರು ಕೆಜಿ ಮೇಲಿತ್ತು. ಗಿರಿರಾಜ ಹೇಂಟೆಗಳು ಹೊಂದಿಕೊಂಡವು. ನಾಟಿಯವು ಒಂದೂಕಾಲು, ಒಂದೂವರೆ ಕೆಜಿಯವು. ಅದು ಮೇಲೇರಿದರೆ ನೆಲಕ್ಕೆ ಒರಗಿಬಿಡುತ್ತಿದ್ದವು. ಕೆಲವೇ ದಿನಕ್ಕೆ ಬೆನ್ನಿನ ಪುಕ್ಕ ಕಿತ್ತು ಕೆಂಪು ಚರ್ಮ ಕಂಡಿತು. ಹಗಲೆಲ್ಲ ಸೀಬೆಮರದ ಮೇಲೇ ಕೂತು, ಕಾಳಿಗೂ ಇಳಿಯದಾದವು. ಲಸಿಕೆ ಹಾಕಲು ಬಂದ ಪಶು ಆಸ್ಪತ್ರೆಯವರು ಇನ್ನೊಂದು ಮಾತೂ ಹೇಳಿಹೋದರು: ಗಿರಿರಾಜ ಹಲವು ತಳಿ ಬೆರೆಸಿ ಮಾಡಿದ್ದು, ಅದರ ಗುಣ ಮುಂದಿನ ತಲೆಮಾರಿಗೆ ಹಾಗೇ ಇಳಿಯುವುದಿಲ್ಲ. ಚಿಕ್ಕಪ್ಪನ ಲೆಕ್ಕ ಅಲ್ಲಿಗೆ ಮುಗಿಯಿತು.

ಆಮೇಲೆ ಅಜ್ಜಿ ನನ್ನನ್ನು ಕರೆದುಕೊಂಡು ಹುಂಜ ನೋಡಲು ಹೊರಟಳು. ಹೆಣ್ಣು ನೋಡಲು ಹೊರಟವರಿಗೂ ಅಷ್ಟು ಗತ್ತು ಇರುವುದಿಲ್ಲ.

ಮೊದಲ ಮನೆಯಲ್ಲಿದ್ದದ್ದು ಕಾಳಗದ ಹುಂಜ. ಉದ್ದ ಕತ್ತು, ನೋಡಲು ರಾಜ. ನಾನು ಬೇಲಿ ದಾಟುತ್ತಿದ್ದ ಹಾಗೇ ಮೊಣಕಾಲಿಗೆ ಎಗರಿತು. "ಮನೇಲಿ ಮಕ್ಳವೆ ಕಣಪ್ಪ" ಅಂದವಳೇ ಅಜ್ಜಿ ತಿರುಗಿದಳು. ಎರಡನೇ ಕಡೆ ಎಳೇ ಹುಂಜ, ಕಾಲಿನ ಮುಳ್ಳು ಇನ್ನೂ ಮೊಳೆತಿರಲಿಲ್ಲ, ಸಿಕ್ಕ ಹೇಂಟೆಯನ್ನೆಲ್ಲ ಅಟ್ಟಾಡಿಸುತ್ತಿತ್ತು. "ಇದಕ್ಕಿನ್ನೂ ಬುದ್ಧಿ ಬಂದಿಲ್ಲ."

ಮೂರನೆಯದು ಜುಟ್ಟು ಹರಿದ ಕೆಂಪು ನಾಟಿ. ನನಗೆ ಹಿಡಿಸಲೇ ಇಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ರಾಗಿ ಚೆಲ್ಲಿದಳು. ಅದು ಓಡಿಬಂದು ಕಾಳು ಎತ್ತಿತು, ಬಿಟ್ಟಿತು, ಮತ್ತೆ ಎತ್ತಿತು, ಬಿಟ್ಟಿತು. ಕೊಕ್ ಕೊಕ್ ಎಂದು ಕರೆಯುತ್ತಲೇ ಇತ್ತು. ಹೇಂಟೆಗಳು ಬಂದು ಮುತ್ತಿದ ಮೇಲೆ ಪಕ್ಕಕ್ಕೆ ಸರಿದು ನಿಂತಿತು. ಅಷ್ಟರಲ್ಲಿ ಗಿಡುಗವೊಂದು ತೆಂಗಿನ ಮೇಲೆ ಸುತ್ತು ಹಾಕಿತೋ ಇಲ್ಲವೋ, ಗಂಟಲಿಂದ ಸಣ್ಣಗೆ ಎಳೆದ ಒಂದು ಸದ್ದು. ಹೇಂಟೆಗಳೆಲ್ಲ ಹುಲ್ಲಿನ ಬಣವೆ ಸಂದಿಗೆ. ಹುಂಜ ಕತ್ತು ವಾಲಿಸಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತಿತ್ತು. ನಾಯಿ, ಮುಂಗುಸಿ ಕಂಡರೆ ಹುಂಜ ಕೂಗುವ ಕೂಗೇ ಬೇರೆ. ವಿಜ್ಞಾನಿಗಳು ಈ ಎರಡು ಕೂಗನ್ನೂ ಅಳೆದು ಬರೆದಿಟ್ಟಿದ್ದಾರೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಅಜ್ಜಿ ಇನ್ನೂ ಬೇರೇನೋ ನೋಡುತ್ತಿದ್ದಳು. "ಹುಂಜನ್ನೇ ನೋಡ್ಬೇಡ ಕಣ್ಲಾ, ಹೇಂಟೆ ಬೆನ್ನು ನೋಡು." ಆ ಹಿತ್ತಲ ಒಂದು ಹೇಂಟೆಯದೂ ಪುಕ್ಕ ಕಿತ್ತಿರಲಿಲ್ಲ.

ಒಂದು ಗಿರಿರಾಜ ಹೇಂಟೆ ಕೊಟ್ಟು ಕೆಂಪನನ್ನು ತಂದೆವು. ಕೊಕ್ಕರೆ ರೋಗದ ಭಯಕ್ಕೆ ಅಜ್ಜಿ ಎರಡು ವಾರ ಅದನ್ನು ದನದ ಕೊಟ್ಟಿಗೆಯಲ್ಲಿ ಮಂಕರಿ ಕೆಳಗೆ ಕವುಚಿಟ್ಟಳು. ಆಮೇಲೂ ಹಗಲು ಬಿಡಲಿಲ್ಲ. ಕತ್ತಲಾದ ಮೇಲೆ ಮೆಲ್ಲಗೆ ಹೇಂಟೆಗಳ ಪಕ್ಕ ಗೂಡಿಗೆ ಸೇರಿಸಿದಳು. ಚಿಕ್ಕಪ್ಪನ ಗಿರಿರಾಜ ಅಷ್ಟು ಹೊತ್ತಿಗೆ ಯುಗಾದಿಯ ಹೊಸತೊಡಕಿಗೆ ಸಾರಾಗಿತ್ತು. ಸಾರು ಚೆನ್ನಾಗಿತ್ತು ಅನ್ನದಿದ್ದರೆ ತಪ್ಪಾಗುತ್ತದೆ.

ಗಿರಿರಾಜ ಹೇಂಟೆಗಳು ಕಾವಿಗೆ ಕೂರುವ ಪೈಕಿಯಲ್ಲ. ಅವುಗಳ ಮೊಟ್ಟೆಯನ್ನೂ ನಾಟಿಯ ಕೆಳಗೇ ಇಟ್ಟೆವು. ಎಂಟನೇ ದಿನ ಟಾರ್ಚ್ ಹಿಡಿದರೆ ಮುಕ್ಕಾಲು ಪಾಲು ಮೊಟ್ಟೆಯಲ್ಲಿ ನರ ಕಂಡವು, ಇಪ್ಪತ್ತೊಂದಕ್ಕೆ ಮರಿ. ಅಪ್ಪ ಮಗಳು ಕೂಡಿದರೆ ಸಂತತಿ ಕೆಡುತ್ತದೆಂದು, ಆ ಮರಿಗಳು ಬೆಳೆದು ಮೊಟ್ಟೆಗೆ ಬರುವ ಹೊತ್ತಿಗೆ ಕೆಂಪನನ್ನು ತುರುವೇಕೆರೆಯ ಅತ್ತೆ ಮನೆಗೆ ಕೊಟ್ಟು, ಅಲ್ಲಿಂದ ಒಂದು ಕರಿ ಹುಂಜ ತಂದರು. ತಮ್ಮದೇ ಹೆಚ್ಚಿನದು, ಅವ್ವ ಮೋಸ ಮಾಡಿದಳು ಎಂದು ಅತ್ತೆ ಬಹಳ ಕಾಲ ಹೇಳುತ್ತಿದ್ದಳು. ಹಾಗಂತ ಕೆಂಪನನ್ನು ವಾಪಸು ಮಾತ್ರ ಕೊಡಲಿಲ್ಲ.